ಹೆಣ ಹೊತ್ತವರು ಯಾವ ಸಿನಿಮಾದಲ್ಲಿದ್ದಾರೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರವೊಂದರಲ್ಲಿ ಆಡಿದ ಮಾತು. ಆಡಿದ ಹಾಗೇ ಬರೆದುಕೊಟ್ಟಿದ್ದೇನೆ, ಅಲ್ಲಲ್ಲಿ ಮಾತ್ರ ತಿದ್ದಿದ್ದೇನೆ.)



ನನ್ನನ್ನು ಕವಿ ಅಂತ ಪರಿಚಯ ಮಾಡಿಕೊಟ್ಟರು. ಹೆದರಬೇಡಿ, ಇವತ್ತು ಪದ್ಯ ಓದೋದಿಲ್ಲ. ನೀವು ಹತ್ತು ಹನ್ನೆರಡು ಜನ ಸೇರಿಕೊಂಡು ನಿಮ್ಮ ನಿಮ್ಮ ಕೇರಿಗೆ ಹೋಗಿ, ಅಲ್ಲಿರೋ ಮುದುಕ ಮುದುಕಿಯರನ್ನು ಮಾತಾಡಿಸಿ ಒಂದು ಸಾಕ್ಷ್ಯಚಿತ್ರ ಮಾಡ್ತೀವಿ ಅಂತ ಹೊರಟಿದ್ದೀರಿ. ಅದಕ್ಕೆ ಮುಂಚೆ, ಇಂಥ ಕೆಲಸವನ್ನು ದೊಡ್ಡದಾಗಿ ಮಾಡಿದವರು ಯಾರಾದರೂ ಇದ್ದರೆ ಅವರ ಬಗ್ಗೆ ಹೇಳು ಅಂತ ಕರೆದಿದ್ದೀರಿ. ನನಗೆ ಕ್ಯಾಮೆರಾ ಹಿಡಿಯೋಕೆ ಬರೋದಿಲ್ಲ. ಬಿ.ಎ.ನಲ್ಲಿ ಹಿಸ್ಟರಿ ಒಂದು ಸಬ್ಜೆಕ್ಟು ಇತ್ತು, ಅಷ್ಟೇ ನನ್ನ ಬಂಡವಾಳ. ಆದರೆ ಒಂದು ಸಿನಿಮಾವನ್ನು ಮೂರು ಸಲ ಪೂರ್ತಿ ನೋಡಿದ್ದೇನೆ. ಹನ್ನೊಂದು ಗಂಟೆಗೂ ಹೆಚ್ಚು ಉದ್ದದ ಸಿನಿಮಾ. ಮೊದಲನೇ ಸಲ ಅತ್ತೆ. ಎರಡನೇ ಸಲ ಸಿಟ್ಟು ಬಂತು. ಮೂರನೇ ಸಲ ನೋಟ್‌ಬುಕ್ಕು ಪಕ್ಕದಲ್ಲಿಟ್ಟುಕೊಂಡು ಕೂತೆ. ಆ ನೋಟ್‌ಬುಕ್ಕಿನಲ್ಲಿ ಇರೋದನ್ನೇ ಈಗ ಹೇಳ್ತೀನಿ.

ಸಿನಿಮಾ ಅಮೆರಿಕದ ಅಂತರ್ಯುದ್ಧದ್ದು. ಹೆಸರೇ ‘ದಿ ಸಿವಿಲ್ ವಾರ್’. ಮಾಡಿದವನು ಕೆನ್ ಬರ್ನ್ಸ್. 1990ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಾರ್ವಜನಿಕ ಟಿ.ವಿ.ಯಲ್ಲಿ ಐದು ರಾತ್ರಿ ಒಂದೇ ಸಮನೆ ತೋರಿಸಿದರು, ಒಟ್ಟು ಒಂಬತ್ತು ಕಂತು. ಸುಮಾರು 4 ಕೋಟಿ ಜನ ನೋಡಿದರಂತೆ. ಆಗ ಆ ಮನುಷ್ಯನಿಗೆ 37 ವರ್ಷ. ಯುದ್ಧ ನಡೆದದ್ದು 1861ರಿಂದ 1865ರವರೆಗೆ, ನಾಲ್ಕು ವರ್ಷ. ಅದರ ಸಿನಿಮಾ ಮಾಡೋದಕ್ಕೆ ಐದು ವರ್ಷಕ್ಕೂ ಹೆಚ್ಚು ಹಿಡಿಯಿತು. ನಿಮ್ಮಲ್ಲಿ ಯಾರೋ ಬೇಸಿಗೆ ರಜೆಯಲ್ಲಿ ಮುಗಿಸಿಬಿಡ್ತೀವಿ ಅಂದಿರಿ, ಅದಕ್ಕೇ ಈ ಲೆಕ್ಕ ಹೇಳಿದೆ.

ಯುದ್ಧ ಯಾಕೆ ನಡೆಯಿತು ಅಂತ ಎರಡು ಮಾತು. 1860ರ ಹೊತ್ತಿಗೆ ಅಮೆರಿಕದ ಜನಸಂಖ್ಯೆ 3 ಕೋಟಿ ಚಿಲ್ಲರೆ. ಅದರಲ್ಲಿ ಸುಮಾರು 40 ಲಕ್ಷ ಜನ ಗುಲಾಮರು. ಅಂದರೆ ಹಸು, ಎಮ್ಮೆ, ನೇಗಿಲು ಇದ್ದ ಹಾಗೆ ಲೆಕ್ಕದ ಪುಸ್ತಕದಲ್ಲಿ ಬೆಲೆ ಬರೆಸಿಕೊಂಡ ಮನುಷ್ಯರು. ಲಿಂಕನ್ ಗೆದ್ದ ಮೇಲೆ ದಕ್ಷಿಣದ 11 ರಾಜ್ಯಗಳು, ಈ ಗುಲಾಮಗಿರಿಯನ್ನು ಉಳಿಸಿಕೊಳ್ಳೋದಕ್ಕೆ ಅಂತಲೇ, ದೇಶ ಬಿಟ್ಟು ಹೋಗ್ತೀವಿ ಅಂದವು. ಸತ್ತವರು 6 ಲಕ್ಷದ 20 ಸಾವಿರ ಅಂತ ಬಹಳ ಕಾಲ ಹೇಳ್ತಿದ್ದರು. 2011ರಲ್ಲಿ ಒಬ್ಬ ಇತಿಹಾಸಕಾರ ಜನಗಣತಿ ಪಟ್ಟಿಗಳನ್ನು ತೆಗೆದು ಲೆಕ್ಕಹಾಕಿ ಅದು ಏಳೂವರೆ ಲಕ್ಷದ ಹತ್ತಿರ ಇರಬಹುದು ಅಂದ. ಸತ್ತವರ ಲೆಕ್ಕ ಕೂಡ 150 ವರ್ಷ ಆದ ಮೇಲೆ ಬದಲಾಗ್ತದೆ ನೋಡಿ.

ಈಗ ಕಸುಬಿಗೆ ಬರೋಣ. ಆ ಕಾಲದಲ್ಲಿ ಓಡೋ ಚಿತ್ರ ಇರಲಿಲ್ಲ. ಇದ್ದದ್ದು ಬರೀ ಫೋಟೋ. ಗಾಜಿನ ಫಲಕಕ್ಕೆ ಅಂಟು ದ್ರಾವಣ ಬಳಿದು, ಬೆಳ್ಳಿಯ ರಾಸಾಯನಿಕದಲ್ಲಿ ಅದ್ದಿ, ಅದು ಒದ್ದೆ ಇರುವಾಗಲೇ ಚಿತ್ರ ತೆಗೆದು, ಒಣಗೋದರೊಳಗೆ ಕತ್ತಲೆ ಗಾಡಿಗೆ ಓಡಿ ತೊಳೆಯಬೇಕು. ಎದುರಿಗಿದ್ದದ್ದು ಕೆಲವು ಸೆಕೆಂಡು ಅಲ್ಲಾಡದೆ ಇರಬೇಕು. ಓಡುವ ಕುದುರೆ, ಹಾರುವ ಗುಂಡು ಆ ಗಾಜಿಗೆ ಸಿಕ್ಕೋದಿಲ್ಲ. ಹಾಗಾಗಿ ಯುದ್ಧದ ಫೋಟೋಗಳಲ್ಲಿ ಯುದ್ಧವೇ ಇಲ್ಲ. ಯುದ್ಧಕ್ಕೆ ಮುಂಚೆ ಸೆಟೆದು ನಿಂತ ಸೈನಿಕ ಇದ್ದಾನೆ, ಆಮೇಲೆ ಬಿದ್ದ ಹೆಣ ಇದೆ. ಹೆಣದಷ್ಟು ಅಲ್ಲಾಡದೆ ಇರೋರು ಯಾರಿದ್ದಾರೆ! 1862ರಲ್ಲಿ ಮ್ಯಾಥ್ಯೂ ಬ್ರೇಡಿ ಅನ್ನೋನು ನ್ಯೂಯಾರ್ಕಿನ ತನ್ನ ಸ್ಟುಡಿಯೋದಲ್ಲಿ ಆಂಟೀಟಮ್ ರಣರಂಗದ ಹೆಣಗಳ ಫೋಟೋ ಇಟ್ಟಾಗ ಪೇಟೆ ಜನ ಸಾಲುಗಟ್ಟಿ ಬಂದು ನೋಡಿದರು.

ಬರ್ನ್ಸ್ ಮಾಡಿದ್ದು ಏನು ಅಂದರೆ, ಇಂಥ 16 ಸಾವಿರ ಫೋಟೋಗಳನ್ನು ತನ್ನ ಕ್ಯಾಮೆರಾದಲ್ಲಿ ತೆಗೆದುಕೊಂಡ. ಒಂದು ಫೋಟೋವನ್ನು ಗೋಡೆಗೆ ನೇತುಹಾಕಿದ ಹಾಗೆ ತೋರಿಸಲಿಲ್ಲ. ಮೊದಲು ಒಂದು ಕೈ. ಕೈಯಿಂದ ನಿಧಾನಕ್ಕೆ ಮೇಲೆ ಹೋದರೆ ಮುಖ. ಮುಖದಿಂದ ಹಿಂದೆ ಸರಿದರೆ ಸುತ್ತ ಇನ್ನೂರು ಜನ. ಹಿನ್ನೆಲೆಯಲ್ಲಿ ಕುದುರೆ ಗೊರಸಿನ ಸದ್ದು, ಜೀರುಂಡೆ ಸದ್ದು, ದೂರದ ಫಿರಂಗಿ. ಮೂಕ ಫೋಟೋ ಉಸಿರಾಡೋಕೆ ಶುರುಮಾಡ್ತದೆ. ಇವತ್ತು ನಿಮ್ಮ ಮೊಬೈಲಿನಲ್ಲಿ ಫೋಟೋ ತಾನಾಗಿ ಹಿಗ್ಗಿ ಸರಿಯೋ ಹಾಗೆ ಮಾಡೋ ಕಿಟಕಿ ಇದೆಯಲ್ಲ, ಕಂಪ್ಯೂಟರಿನವರು ಅದಕ್ಕೆ ಇವನ ಹೆಸರನ್ನೇ ಇಟ್ಟಿದ್ದಾರೆ.

ಆದರೆ ಫೋಟೋ ಸುಳ್ಳು ಹೇಳೋದಿಲ್ಲ ಅಂತ ಮಾತ್ರ ತಿಳಿಯಬೇಡಿ. 1863ರಲ್ಲಿ ಗೆಟಿಸ್‌ಬರ್ಗ್ ಕಾಳಗ ಆದ ಮೇಲೆ ಅಲೆಕ್ಸಾಂಡರ್ ಗಾರ್ಡನರ್ ಅನ್ನೋ ಫೋಟೋಗ್ರಾಫರ್ ಒಂದು ಪ್ರಸಿದ್ಧ ಚಿತ್ರ ತೆಗೆದ. ಬಂಡೆಗಳ ನಡುವೆ ಸತ್ತು ಬಿದ್ದ ದಕ್ಷಿಣದ ಗುರಿಕಾರ, ಗೋಡೆಗೆ ಒರಗಿಸಿದ ಅವನ ಬಂದೂಕು. ನೂರು ವರ್ಷ ಜನ ಅದನ್ನು ನೋಡಿ ಮರುಗಿದರು. 1975ರಲ್ಲಿ ಒಬ್ಬ ಸಂಶೋಧಕ ಎಲ್ಲ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿಕೊಟ್ಟ: ಅದೇ ಹೆಣ ಬೇರೆ ಜಾಗದಲ್ಲೂ ಬಿದ್ದಿದೆ! ಚಿತ್ರ ಚೆನ್ನಾಗಿ ಬರಲಿ ಅಂತ ಹೆಣವನ್ನು ಹೊತ್ತುಕೊಂಡು ಬಂದು ಬಂಡೆಗಳ ನಡುವೆ ಮಲಗಿಸಿದ್ದರು.

ಇನ್ನು ಸಂಗೀತ. ಸಿನಿಮಾದ ಉದ್ದಕ್ಕೂ ಒಂದು ಪಿಟೀಲಿನ ರಾಗ ಬರ್ತದೆ, ಹೊಟ್ಟೆ ಕಿವುಚುವಂಥದ್ದು. ಅದು ಯುದ್ಧಕಾಲದ್ದೇ ಅಂತ ಬಹಳ ಜನ ಅಂದುಕೊಂಡರು. ಅದು 1982ರಲ್ಲಿ ಜೇ ಉಂಗರ್ ಅನ್ನೋ ಸಂಗೀತಗಾರ ಕಟ್ಟಿದ ರಾಗ. ತಪ್ಪೇನಿಲ್ಲ, ರಾಗ ಚೆನ್ನಾಗಿದೆ. ಆದರೆ ನಮ್ಮನ್ನು ಅಳಿಸಿದ್ದು ಇತಿಹಾಸವೋ, ಅದನ್ನು ಹೊಂದಿಸಿದವನೋ ಅನ್ನೋದು ಗೊತ್ತಿರಲಿ.

ನಾನು ಅತ್ತದ್ದು ಮೊದಲನೇ ಕಂತಿನ ಕೊನೆಯಲ್ಲಿ. ಹಾಸ್ಟೆಲಿನಲ್ಲಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಗೆಳೆಯನ ಲ್ಯಾಪ್‌ಟಾಪಿನಲ್ಲಿ ನೋಡ್ತಿದ್ದೆ. ಸಲಿವನ್ ಬಲೂ ಅಂತ ಉತ್ತರದ ಸೈನ್ಯದ ಒಬ್ಬ ಮೇಜರ್. ವಕೀಲ. 1861ರ ಜುಲೈ 14ರಂದು ಹೆಂಡತಿ ಸಾರಾಗೆ ಕಾಗದ ಬರೀತಾನೆ. ನಾನು ಸತ್ತರೆ ಗಾಳಿಯಾಗಿ ನಿನ್ನ ಕೆನ್ನೆ ಸವರ್ತೀನಿ ಅನ್ನೋ ಧಾಟಿಯ ಕಾಗದ. ಒಂದು ವಾರಕ್ಕೆ ಬುಲ್ ರನ್ ಕಾಳಗದಲ್ಲಿ ಪೆಟ್ಟು ತಿಂದು ಸತ್ತುಹೋದ. ಹಿಂದೆ ಆ ಪಿಟೀಲು. ನಾನು ದಿಂಬಿಗೆ ಮುಖ ಒತ್ತಿಕೊಂಡು ಅತ್ತೆ. ಅವನಿಗಾಗಿ ಅತ್ತದ್ದಕ್ಕೆ ಇವತ್ತಿಗೂ ನಾಚಿಕೆ ಇಲ್ಲ. ಅವನು ಸತ್ತದ್ದು ಗುಲಾಮಗಿರಿ ಮುರಿದ ಪಕ್ಷದಲ್ಲಿ.

ಬೆಳಿಗ್ಗೆ ಮೆಸ್ಸಿನಲ್ಲಿ ಚಿತ್ರಾನ್ನ ತಿನ್ನುವಾಗ ಒಂದು ಯೋಚನೆ ಬಂತು. ಈ ಸಿನಿಮಾ ಪೂರ್ತಿ ನಿಂತಿರೋದು ಕಾಗದ ಮತ್ತು ಡೈರಿಗಳ ಮೇಲೆ. ದಕ್ಷಿಣದ ದೊಡ್ಡ ಮನೆತನದ ಮೇರಿ ಚೆಸ್‌ನಟ್ ಡೈರಿ. ಉತ್ತರದ ಸಿಪಾಯಿ ಎಲೈಶಾ ರೋಡ್ಸ್ ಡೈರಿ. ಟೆನೆಸಿಯ ಸಿಪಾಯಿ ಸ್ಯಾಮ್ ವಾಟ್ಕಿನ್ಸ್ ಬರೆದ ನೆನಪು. ನ್ಯೂಯಾರ್ಕಿನ ವಕೀಲ ಜಾರ್ಜ್ ಸ್ಟ್ರಾಂಗ್ ಡೈರಿ. ಇವರು ಒಂದು ಕಂತಿನಿಂದ ಇನ್ನೊಂದು ಕಂತಿಗೆ ನಮ್ಮ ಜೊತೆಗೇ ಬರ್ತಾರೆ, ಮನೆಯವರ ಹಾಗೆ ಆಗ್ತಾರೆ. ನಾಲ್ಕೂ ಜನ ಬಿಳಿಯರು. ಯಾಕೆ? ಕಾಗದ ಬರೆಯೋಕೆ ಅಕ್ಷರ ಬೇಕು. 1830ರ ಆಸುಪಾಸಿನಲ್ಲಿ ವರ್ಜೀನಿಯಾ, ಜಾರ್ಜಿಯಾ, ಸೌತ್ ಕ್ಯಾರೊಲಿನಾ ಇಂಥ ರಾಜ್ಯಗಳು ಗುಲಾಮರಿಗೆ ಓದು ಕಲಿಸಿದರೆ ಶಿಕ್ಷೆ ಅಂತ ಕಾನೂನು ಮಾಡಿದವು. ನಿಮಗೆ ಶಂಬೂಕನ ಕತೆ ನಾನು ಹೇಳಬೇಕಾಗಿಲ್ಲ. ಮೊದಲು ಅಕ್ಷರ ಕಿತ್ತುಕೊಳ್ಳೋದು, ಆಮೇಲೆ ನೂರು ವರ್ಷ ಬಿಟ್ಟು ಬಂದು, ನಿಮ್ಮ ಕಾಗದಪತ್ರ ಎಲ್ಲಿ ಅಂತ ಕೇಳೋದು.

ಬರ್ನ್ಸ್‌ಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಮೊದಲನೇ ಕಂತಿನಲ್ಲೇ ಗುಲಾಮಗಿರಿಯ ಭಾಗ ಇದೆ, ಕಣ್ಣಿಗೆ ಕಟ್ಟೋ ಹಾಗಿದೆ. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದು, ದೊಡ್ಡ ಭಾಷಣಕಾರನಾದ ಫ್ರೆಡರಿಕ್ ಡಗ್ಲಸ್ ಮಾತುಗಳನ್ನು ಮಾರ್ಗನ್ ಫ್ರೀಮನ್ ಓದಿದ್ದಾನೆ, ಅದನ್ನು ಕೇಳೋದೇ ಒಂದು ಭಾಗ್ಯ. ಆದರೆ ಡಗ್ಲಸ್ ಒಬ್ಬ ನಾಯಕ. ನಾಯಕ ಒಬ್ಬನನ್ನು ವೇದಿಕೆ ಮೇಲೆ ಕೂರಿಸಿ ಜನವನ್ನು ಹೊರಗೆ ನಿಲ್ಲಿಸೋದು ನಮಗೇನು ಹೊಸದಲ್ಲ.

ಹಾಗಾದರೆ ಗುಲಾಮರ ಕಾಗದಗಳೇ ಇಲ್ಲವಾ? ಇವೆ. ಇಲ್ಲಿ ಕಿವಿಗೊಟ್ಟು ಕೇಳಿ. 1976ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಸರ್ಕಾರಿ ಕಡತಗಳನ್ನು ಹುಡುಕೋಕೆ ಶುರುಮಾಡಿದರು. ಸೈನ್ಯದ ಕಚೇರಿಗಳ ಧೂಳು ಹಿಡಿದ ಕಟ್ಟುಗಳಲ್ಲಿ ಕಪ್ಪು ಸೈನಿಕರ, ಅವರ ತಾಯಂದಿರ, ಹೆಂಡಿರ ಸಾವಿರಾರು ಅರ್ಜಿಗಳು, ಹೇಳಿಕೆಗಳು, ಕಾಗದಗಳು ಸಿಕ್ಕವು. ಅವರಲ್ಲಿ ಒಬ್ಬನ ಹೆಸರು ಸ್ಪಾಟ್ಸ್‌ವುಡ್ ರೈಸ್. ಮಿಸೌರಿಯ ಗುಲಾಮ, ಹೇಗೋ ಅಕ್ಷರ ಕಲಿತಿದ್ದ, ತಪ್ಪಿಸಿಕೊಂಡು ಸೈನ್ಯ ಸೇರಿದ. 1864ರ ಸೆಪ್ಟೆಂಬರಿನಲ್ಲಿ ಸೇಂಟ್ ಲೂಯಿಸಿನ ಸೈನ್ಯದ ಆಸ್ಪತ್ರೆಯ ಹಾಸಿಗೆಯಿಂದ ಎರಡು ಕಾಗದ ಬರೆದ. ಒಂದು, ಇನ್ನೂ ಗುಲಾಮರಾಗಿಯೇ ಇದ್ದ ತನ್ನ ಹೆಣ್ಣುಮಕ್ಕಳಿಗೆ: ಧೈರ್ಯವಾಗಿರಿ, ಪ್ರಾಣ ಹೋದರೂ ನಿಮ್ಮನ್ನು ಬಿಡಿಸಿಕೊಳ್ತೀನಿ. ಇನ್ನೊಂದು, ಮಗಳು ಮೇರಿಯನ್ನು ಇಟ್ಟುಕೊಂಡಿದ್ದ ಒಡತಿಗೆ: ನೀನು ಎಷ್ಟು ದಿನ ಅವಳನ್ನು ಹಿಡಿದಿಡ್ತೀಯೋ ಅಷ್ಟು ದಿನ ನರಕದಲ್ಲಿ ಬೇಯ್ತೀಯ, ನಾನು ಒಬ್ಬನೇ ಬರೋದಿಲ್ಲ, ದಂಡಿನ ಜೊತೆ ಬರ್ತೀನಿ. ನಾನು ಕಾಗದದ ಸಾರ ಹೇಳಿದೆ. ಮೂಲದಲ್ಲಿ ಕಾಗುಣಿತ ತಪ್ಪುಗಳಿವೆ. ನಮ್ಮ ಮೇಷ್ಟ್ರುಗಳ ಕೈಗೆ ಸಿಕ್ಕಿದ್ದರೆ ಕೆಂಪು ಇಂಕಿನಲ್ಲಿ ಗೀಚಿ ಬಿಸಾಕ್ತಿದ್ದರು. ಬಲೂ ಬರೆದ ಕಾಗದ ಓದಿ ಅತ್ತವನು ಈ ಕಾಗದ ಓದಿ ಎದ್ದು ಕೂತೆ.

ಎರಡನೇ ಸಲ ನೋಡುವಾಗ ಸಿಟ್ಟು ಬಂತು ಅಂದೆನಲ್ಲ, ಅದು ಮಾತಾಡೋರ ವಿಷಯಕ್ಕೆ. ಇಂಥ ಸಿನಿಮಾದಲ್ಲಿ ಆಗಾಗ ವಿದ್ವಾಂಸರು ಬಂದು ಕ್ಯಾಮೆರಾ ಮುಂದೆ ಕೂತು ಮಾತಾಡ್ತಾರೆ. ಇದರಲ್ಲಿ ಅತಿ ಹೆಚ್ಚು ಬರೋನು ಶೆಲ್ಬಿ ಫೂಟ್. ಮಿಸಿಸಿಪ್ಪಿಯ ಕಾದಂಬರಿಕಾರ, ಬಿಳಿ ಗಡ್ಡ, ಬೆಣ್ಣೆಯಂಥ ದನಿ. ಇಪ್ಪತ್ತು ವರ್ಷ ಕೂತು ಆ ಯುದ್ಧದ ಮೂರು ಸಂಪುಟ ಬರೆದವನು. ಎಣಿಸಿದವರು ಹೇಳ್ತಾರೆ, ಅವನು 89 ಸಲ ಬರ್ತಾನಂತೆ. ಕತೆ ಹೇಳೋಕೆ ಕೂತರೆ ಊರ ಅರಳಿಕಟ್ಟೆ ಮೇಲೆ ಹಿರಿಯರು ಕೂತ ಹಾಗೆ. ಮರುಳಾಗದೆ ಇರೋಕಾಗೋದಿಲ್ಲ. ಬಾರ್ಬರಾ ಫೀಲ್ಡ್ಸ್ ಅಂತ ಕೊಲಂಬಿಯಾ ವಿಶ್ವವಿದ್ಯಾಲಯದ ಇತಿಹಾಸದ ಪ್ರೊಫೆಸರು ಕೂಡ ಬರ್ತಾರೆ, ಕಪ್ಪು ಹೆಣ್ಣುಮಗಳು. ಆಗಲೇ ಹೇಳಿದ ಕಡತಗಳಲ್ಲಿ ಕೆಲಸ ಮಾಡಿದವರು. ಅವರಿಗೆ ಸಿಕ್ಕ ಹೊತ್ತು ಫೂಟ್‌ಗೆ ಸಿಕ್ಕಿದ್ದರ ಒಂದು ಸಣ್ಣ ಪಾಲು.

ಫೂಟ್ ಹೇಳೋದೇನು? ನಾವು ಅಮೆರಿಕನ್ನರು ರಾಜಿ ಮಾಡಿಕೊಳ್ಳೋದರಲ್ಲಿ ಜಾಣರು, ಆಗ ಮಾತ್ರ ರಾಜಿ ಆಗಲಿಲ್ಲ, ಅದಕ್ಕೇ ಯುದ್ಧ ಆಯಿತು ಅಂತ. ಯಾವುದರ ಮೇಲೆ ರಾಜಿ? ಯಾರ ಬೆನ್ನ ಮೇಲೆ ರಾಜಿ? ಎಪ್ಪತ್ತು ವರ್ಷ ಅವರು ರಾಜಿ ಮಾಡಿಕೊಂಡೇ ಬಂದಿದ್ದರು. ಪ್ರತಿ ರಾಜಿಯಲ್ಲೂ ಆ 40 ಲಕ್ಷ ಜನರ ಸರಪಳಿ ಗಟ್ಟಿಯಾಯಿತು. ಆಮೇಲೆ ಅವನು ಇನ್ನೊಂದು ಮಾತು ಹೇಳ್ತಾನೆ: ಈ ಯುದ್ಧದಲ್ಲಿ ಇಬ್ಬರೇ ನಿಜವಾದ ಪ್ರತಿಭಾವಂತರು, ಒಬ್ಬ ಲಿಂಕನ್, ಇನ್ನೊಬ್ಬ ನೇಥನ್ ಬೆಡ್‌ಫರ್ಡ್ ಫಾರೆಸ್ಟ್ ಅಂತ. ಈ ಫಾರೆಸ್ಟ್ ಯಾರು ಗೊತ್ತಾ? ಯುದ್ಧಕ್ಕೆ ಮುಂಚೆ ಮೆಂಫಿಸ್ ಪಟ್ಟಣದಲ್ಲಿ ಮನುಷ್ಯರನ್ನು ಮಾರುವ ವ್ಯಾಪಾರಿ. 1864ರ ಏಪ್ರಿಲ್ 12ರಂದು ಫೋರ್ಟ್ ಪಿಲ್ಲೋದಲ್ಲಿ ಶರಣಾಗ್ತಿದ್ದ ಕಪ್ಪು ಸೈನಿಕರನ್ನು ಕೊಚ್ಚಿದ್ದು ಇವನ ದಂಡು. ಯುದ್ಧ ಸೋತ ಮೇಲೆ ಕೂ ಕ್ಲಕ್ಸ್ ಕ್ಲಾನ್‌ನ ಮೊದಲ ಮುಖಂಡ. ಸಿನಿಮಾ ಫೋರ್ಟ್ ಪಿಲ್ಲೋ ಕೊಲೆಯನ್ನು ಮುಚ್ಚಿಟ್ಟಿಲ್ಲ, ಹೇಳ್ತದೆ. ಆದರೆ ಫೂಟ್ ಅಂಥ ಸವಿಯಾದ ದನಿಯಲ್ಲಿ ಒಂದು ಮೆಚ್ಚುಗೆ ಮಾತಾಡಿದರೆ ಆ ಕೊಲೆಯ ವಾಕ್ಯ ಯಾರಿಗೆ ನೆನಪಿರ್ತದೆ? ನೀವು ಕೇರಿಯ ಸಿನಿಮಾ ಮಾಡುವಾಗ ಯಾರನ್ನು ಎಷ್ಟು ಹೊತ್ತು ಮಾತಾಡಿಸ್ತೀರಿ ಅನ್ನೋದು ಟೈಮಿನ ಪ್ರಶ್ನೆ ಅಂತ ಅಂದುಕೊಂಡಿದ್ದೀರಿ. ಚೆನ್ನಾಗಿ ಮಾತಾಡೋರು ಊರ ಹಿರೀಕರೇ ಸಿಕ್ತಾರೆ ನಿಮಗೆ. ನಮ್ಮ ಅಜ್ಜಿ ಮಾತಿಗೆ ಮುಂಚೆ ಕೆಮ್ತಾಳೆ, ಎಲೆಅಡಿಕೆ ಉಗುಳಿ ಬರ್ತಾಳೆ, ಹೇಳಿದ್ದನ್ನೇ ಹೇಳ್ತಾಳೆ. ಎಡಿಟಿಂಗಿನಲ್ಲಿ ಮೊದಲು ಕತ್ತರಿ ಬೀಳೋದು ಅವಳಿಗೆ.

ಕಪ್ಪು ಸೈನಿಕರ ಬಗ್ಗೆ ಹೇಳದೆ ಮುಂದೆ ಹೋಗೋಕಾಗೋದಿಲ್ಲ. ಯುದ್ಧ ಮುಗಿಯೋ ಹೊತ್ತಿಗೆ ಉತ್ತರದ ಸೈನ್ಯದಲ್ಲಿ ಸುಮಾರು 1 ಲಕ್ಷದ 80 ಸಾವಿರ ಕಪ್ಪು ಸೈನಿಕರು ಸೇರಿದ್ದರು. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸಿಪಾಯಿಗೆ 10, ಅದರಲ್ಲಿ ಬಟ್ಟೆಗೆ ಅಂತ 3 ಮುರಿದುಕೊಂಡು ಕೈಗೆ ಬರೋದು 7. ಗುಂಡು ಮಾತ್ರ ಇಬ್ಬರಿಗೂ ಒಂದೇ. ಮ್ಯಾಸಚೂಸೆಟ್ಸ್ 54ನೇ ಪಡೆಯವರು ಏನು ಮಾಡಿದರು? ಸಂಬಳವೇ ಬೇಡ ಅಂದರು. ವ್ಯತ್ಯಾಸದ ದುಡ್ಡು ನಾವು ತುಂಬಿಕೊಡ್ತೀವಿ ಅಂತ ಅವರ ರಾಜ್ಯ ಸರ್ಕಾರ ಮುಂದೆ ಬಂತು, ಅದನ್ನೂ ಮುಟ್ಟಲಿಲ್ಲ. ದುಡ್ಡಿನ ಪ್ರಶ್ನೆ ಅಲ್ಲ ಇದು. ಮನೆಯಲ್ಲಿ ಹೆಂಡತಿ ಮಕ್ಕಳು ಉಪವಾಸ, ಇವರು ಒಂದೂವರೆ ವರ್ಷ ಬಿಡಿಗಾಸು ಮುಟ್ಟದೆ ಯುದ್ಧ ಮಾಡಿದರು. ಇನ್ನೊಂದು ಕಪ್ಪು ಪಡೆಯ ಸಾರ್ಜೆಂಟ್ ವಿಲಿಯಂ ವಾಕರ್, ಸಮಾನ ಸಂಬಳ ಕೊಡೋವರೆಗೆ ಕೋವಿ ಹಿಡಿಯೋದಿಲ್ಲ ಅಂತ ತನ್ನ ಜನರ ಜೊತೆ ಆಯುಧ ಕೆಳಗಿಟ್ಟ. 1864ರ ಫೆಬ್ರವರಿಯಲ್ಲಿ ಅವನ ಸ್ವಂತ ಸೈನ್ಯವೇ, ಗುಲಾಮಗಿರಿ ವಿರುದ್ಧ ಹೋರಾಡ್ತಿದ್ದ ಸೈನ್ಯವೇ, ಅವನನ್ನು ಗುಂಡಿಟ್ಟು ಕೊಂದಿತು. ನಾಲ್ಕು ತಿಂಗಳಿಗೆ ಸಂಸತ್ತು ಸಮಾನ ಸಂಬಳದ ಕಾನೂನು ಮಾಡಿತು.

ಈ 54ನೇ ಪಡೆಯೇ 1863ರ ಜುಲೈ 18ರಂದು ಫೋರ್ಟ್ ವ್ಯಾಗ್ನರ್ ಮೇಲೆ ನುಗ್ಗಿದ್ದು. ಅವರ ಕರ್ನಲ್ ರಾಬರ್ಟ್ ಶಾ ಬಿಳಿಯ. ಅವನೂ ಅಲ್ಲೇ ಸತ್ತ. ದಕ್ಷಿಣದವರು ಅವನ ಹೆಣ ವಾಪಸು ಕೊಡದೆ ಕಪ್ಪು ಸೈನಿಕರ ಜೊತೆ ಒಂದೇ ಗುಂಡಿಗೆ ಹಾಕಿ ಮುಚ್ಚಿದರು. ಅದಕ್ಕಿಂತ ದೊಡ್ಡ ಅವಮಾನ ಇಲ್ಲ ಅಂತ ಅವರ ಲೆಕ್ಕ. ಶಾನ ಅಪ್ಪ, ಹೆಣ ತೆಗೆಯಬೇಡಿ, ನನ್ನ ಮಗ ಅಲ್ಲೇ ಇರಲಿ ಅಂದ. ಸ್ಮಶಾನಕ್ಕೆ ಜಾಗ ಕೇಳಿ ತಾಲ್ಲೂಕು ಕಚೇರಿ ಮುಂದೆ ಕೂತ ಕೇರಿಯಿಂದ ಬಂದವರು ನೀವು. ಈ ಸಂಗತಿ ನಿಮಗೆ ಬೇಗ ಅರ್ಥ ಆಗ್ತದೆ.

ಈಗ ಸಿನಿಮಾದ ಕೊನೆ. ಯಾವ ಸಿನಿಮಾ ಎಲ್ಲಿ ಮುಗೀತದೆ ಅಂತ ನೋಡಿ, ಮಾಡಿದವನ ಮನಸ್ಸು ಅಲ್ಲಿ ಸಿಕ್ತದೆ. ಇದು ಮುಗಿಯೋದು ಗೆಟಿಸ್‌ಬರ್ಗ್ ಮೈದಾನದ ಪುನರ್ಮಿಲನದಲ್ಲಿ. 1913ರ ಜುಲೈ, ಕಾಳಗಕ್ಕೆ 50 ವರ್ಷ. ಎರಡೂ ಕಡೆಯ ಹಳೇ ಸೈನಿಕರು 50 ಸಾವಿರಕ್ಕೂ ಹೆಚ್ಚು ಜನ ಬಂದರು. ಅವತ್ತು ಕೊಂದಾಡಿದ ಕಲ್ಲುಗೋಡೆಯ ಈಚೆ ಆಚೆ ನಿಂತು ಮುದುಕರು ಕೈ ಕುಲುಕಿದರು. 1938ರ ಇನ್ನೊಂದು ಮಿಲನದ ಓಡೋ ಚಿತ್ರವನ್ನೂ ತೋರಿಸ್ತಾರೆ. ನೋಡಿದರೆ ಕಣ್ಣು ಒದ್ದೆಯಾಗ್ತದೆ, ಅಣ್ಣತಮ್ಮಂದಿರು ಜಗಳ ಆಡಿ ಮತ್ತೆ ಒಂದಾದರು ಅನ್ನೋ ಹಾಗೆ. ಆದರೆ ಆ 1913ರ ಮಿಲನದಲ್ಲಿ ಕಪ್ಪು ಜನ ಕಂಡದ್ದು ಡೇರೆ ಹಾಕೋಕೆ, ಕಂಬಳಿ ಹಂಚೋಕೆ, ಅಡಿಗೆ ಮಾಡೋಕೆ. ಅಲ್ಲಿ ಬಂದು ಭಾಷಣ ಮಾಡಿದ ಅಧ್ಯಕ್ಷ ವುಡ್ರೋ ವಿಲ್ಸನ್ ಸರ್ಕಾರ ಅದೇ ವರ್ಷ ಕೇಂದ್ರದ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸೋಕೆ ಶುರುಮಾಡಿತ್ತು. ಬೇರೆ ಮೇಜು, ಬೇರೆ ಊಟದ ಕೋಣೆ, ಬೇರೆ ಕಕ್ಕಸು.

ಇಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದಿದ್ದೇನೆ. 1913ರ ಅದೇ ಜುಲೈ ತಿಂಗಳಲ್ಲೇ 22 ವರ್ಷದ ಭೀಮರಾವ್ ಅಂಬೇಡ್ಕರ್ ನ್ಯೂಯಾರ್ಕಿಗೆ ಬಂದಿಳಿದದ್ದು, ಕೊಲಂಬಿಯಾದಲ್ಲಿ ಓದೋಕೆ. ಬಾರ್ಬರಾ ಫೀಲ್ಡ್ಸ್ ಪಾಠ ಹೇಳಿದ ಅದೇ ಕೊಲಂಬಿಯಾ. ಅದಕ್ಕೂ ಮುಂಚೆ, 1873ರಲ್ಲೇ, ಜೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅರ್ಪಣೆ ಮಾಡಿದ್ದು ಗುಲಾಮರನ್ನು ಬಿಡಿಸಿದ ಅಮೆರಿಕದ ಒಳ್ಳೆಯ ಜನರಿಗೆ. ಪುಣೆಯ ಆ ಮನುಷ್ಯನಿಗೆ ಈ ಯುದ್ಧ ಯಾವುದರ ಯುದ್ಧ ಅನ್ನೋದರಲ್ಲಿ ಗೊಂದಲ ಇರಲಿಲ್ಲ. (ಇನ್ನೊಂದು ಸಂಬಂಧವೂ ಇದೆ, ಮರೆತಿದ್ದೆ. ಯುದ್ಧದಿಂದ ಅಮೆರಿಕದ ಹತ್ತಿ ನಿಂತು ಇಂಗ್ಲೆಂಡಿನ ಗಿರಣಿಗಳು ಬಾಯಿ ಬಿಟ್ಟುಕೊಂಡಾಗ, ಧಾರವಾಡದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಅಮೆರಿಕದ ಬೀಜದಿಂದಲೇ ಅಲ್ಲಿ ಬೆಳೀತಿದ್ದ ಆ ಹತ್ತಿಗೆ ಧಾರವಾಡ ಅಮೆರಿಕನ್ ಅಂತಲೇ ಹೆಸರು. ಲಾಭ ಯಾರಿಗೆ ಹೋಯಿತು ಅನ್ನೋದು ಇನ್ನೊಂದು ಸಿನಿಮಾಕ್ಕೆ ಬಿಡೋಣ.)

ಯುದ್ಧ ಮುಗಿದ 1865ರಿಂದ ಈ 1913ರ ತನಕ ನಡೆದದ್ದೇನು? ಅದೇ ಅಲ್ಲವಾ ಕೇಳಬೇಕಾದ ಪ್ರಶ್ನೆ. 1862ರಲ್ಲಿ ರಾಬರ್ಟ್ ಸ್ಮಾಲ್ಸ್ ಅನ್ನೋ ಗುಲಾಮ, ಚಾರ್ಲ್‌ಸ್ಟನ್ ಬಂದರಿನಲ್ಲಿ ಧಣಿಗಳ ಹಡಗನ್ನೇ ರಾತ್ರೋರಾತ್ರಿ ಹಾರಿಸಿಕೊಂಡು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಕೋಟೆಗಳ ಮುಂದೆ ಕ್ಯಾಪ್ಟನ್ನನ ಹಾಗೇ ಟೋಪಿ ಹಾಕಿ ನಿಂತು ದಾಟಿ ಬಂದ. ಯುದ್ಧ ಆದ ಮೇಲೆ ಅದೇ ರಾಜ್ಯದಿಂದ ಸಂಸತ್ತಿಗೆ ಆರಿಸಿ ಹೋದ. ಅವನಂತೆ ಗೆದ್ದು ಅಧಿಕಾರಕ್ಕೆ ಬಂದ ಕಪ್ಪು ಜನ ಸಾವಿರಕ್ಕೂ ಹೆಚ್ಚು. ಶಾಲೆ ಕಟ್ಟಿದರು, ಓಟು ಹಾಕಿದರು. ಹನ್ನೆರಡು ವರ್ಷ. 1877ರಲ್ಲಿ ಉತ್ತರದವರು ದಂಡು ವಾಪಸು ಕರೆಸಿಕೊಂಡರು. ಆಮೇಲೆ ಓಟು ಕಿತ್ತುಕೊಂಡರು, ಮರಕ್ಕೆ ನೇಣು ಹಾಕಿದರು. ಆ ಹನ್ನೆರಡು ವರ್ಷಕ್ಕೆ ಸಿನಿಮಾ ಕೊಟ್ಟದ್ದು ಕೆಲವು ನಿಮಿಷ. ಎರಿಕ್ ಫೋನರ್, ಲಿಯಾನ್ ಲಿಟ್‌ವಾಕ್ ಥರದ ಇತಿಹಾಸಕಾರರು ಇದನ್ನೇ ಹಿಡಿದು ಕೇಳಿದರು: ಬಿಳಿಯರು ಬಿಳಿಯರು ತಬ್ಬಿಕೊಂಡರೆ ದೇಶ ಒಂದಾಯಿತು ಅಂತಲಾ? 1996ರಲ್ಲಿ ಅವರ ಟೀಕೆಗಳ ಒಂದು ಪುಸ್ತಕವೇ ಬಂತು. ಬರ್ನ್ಸ್ ಅದರಲ್ಲೇ ಉತ್ತರವನ್ನೂ ಬರೆದಿದ್ದಾನೆ, ಆ ಮಟ್ಟಿಗೆ ದೊಡ್ಡ ಮನುಷ್ಯ. ಕೈಬಿಟ್ಟ ಆ ಹನ್ನೆರಡು ವರ್ಷದ ಬಗ್ಗೆ ಹೆನ್ರಿ ಲೂಯಿಸ್ ಗೇಟ್ಸ್ ಅನ್ನೋ ಕಪ್ಪು ವಿದ್ವಾಂಸ ಅದೇ ಟಿ.ವಿ.ಗೆ ನಾಲ್ಕು ಗಂಟೆಯ ಸಿನಿಮಾ ಮಾಡಿದ್ದು 2019ರಲ್ಲಿ.

ಆದರೆ ಒಂದು ಮಾತು ಬರ್ನ್ಸ್ ಪರವಾಗಿ. ಕೊನೇ ಕಂತಿನಲ್ಲಿ ಫೀಲ್ಡ್ಸ್ ಬರ್ತಾರೆ. ಈ ಯುದ್ಧ ಇನ್ನೂ ಮುಗಿದಿಲ್ಲ, ಇನ್ನೂ ಸೋಲಬಹುದು ಅನ್ನೋ ಅರ್ಥದ ಮಾತಾಡ್ತಾರೆ. ತಬ್ಬಿಕೊಂಡ ಮುದುಕರಿಗಿಂತ ಆ ಮಾತು ನನ್ನಲ್ಲಿ ಹೆಚ್ಚು ಉಳಿಯಿತು. ಅವನು ಅದನ್ನು ಕತ್ತರಿಸಬಹುದಿತ್ತು. ಕತ್ತರಿಸಲಿಲ್ಲ.

ನೀವು ಮಾಡಬೇಕಾದ ಕೆಲಸಕ್ಕೆ ಹತ್ತಿರದ್ದು ಈಗ ಹೇಳ್ತೀನಿ. 1936ರಿಂದ 38ರವರೆಗೆ ಅಮೆರಿಕದ ಸರ್ಕಾರ ಕೆಲಸ ಇಲ್ಲದ ಬರಹಗಾರರಿಗೆ ಸಂಬಳ ಕೊಟ್ಟು, ಗುಲಾಮರಾಗಿದ್ದು ಇನ್ನೂ ಬದುಕಿದ್ದ ಮುದುಕರನ್ನು ಮಾತಾಡಿಸಿ ಬರೆಸಿತು. ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಜನರ ಮಾತು ಸಿಕ್ಕಿತು. ಆದರೆ ಕೇಳೋಕೆ ಹೋದವರಲ್ಲಿ ಹೆಚ್ಚಿನವರು ಬಿಳಿಯರು. 1937ರಲ್ಲಿ ಚಾರ್ಲ್‌ಸ್ಟನ್‌ನಲ್ಲಿ ನೂರರ ಆಸುಪಾಸಿನ ಒಬ್ಬ ಮುದುಕಿಯನ್ನು ಇಬ್ಬರು ಬೇರೆ ಬೇರೆ ದಿನ ಮಾತಾಡಿಸಿದರು. ಮೊದಲು ಹೋದಾಕೆ ಬಿಳಿ ಹೆಂಗಸು. ಸರ್ಕಾರದ ಸಹಾಯ ಕೊಡೋ ಕಚೇರಿಯವಳು ಬಂದಿದ್ದಾಳೆ ಅಂತ ಮುದುಕಿ ತಿಳಿದಳು. ನಮ್ಮ ಧಣಿ ಒಳ್ಳೇವರು, ಚೆನ್ನಾಗಿ ನೋಡಿಕೊಂಡರು ಅಂದಳು. ಆಮೇಲೆ ಕಪ್ಪು ಹುಡುಗ ಹೋದ. ಅವನ ಹತ್ತಿರ ಅದೇ ಬಾಯಿ ಚಾವಟಿ ಏಟು ಹೇಳಿತು, ಮಾರಿದ ಮಕ್ಕಳಿಗಾಗಿ ತಾಯಂದಿರು ಕೂಗಿದ್ದನ್ನು ಹೇಳಿತು. ಎರಡೂ ಕಡತದಲ್ಲಿವೆ. ಬರೀ ಮೊದಲನೆಯದು ಸಿಕ್ಕವನ ಸಿನಿಮಾ ಹೇಗಿರ್ತಿತ್ತು, ಯೋಚನೆ ಮಾಡಿ. ಅಕ್ಷರ ಕಲಿತವರು ಬಂದರೆ ನಮ್ಮಜ್ಜಿಯೂ ಪಿಂಚಣಿಯವರು ಅಂತ ಎದ್ದು ನಿಲ್ತಾಳೆ. ಇಸ್ತ್ರಿ ಶರ್ಟು ಹಾಕಿಕೊಂಡು, ಮೊಬೈಲು ಎತ್ತಿ ಹಿಡಿದು, ‘ಹೇಳಿ ಅಜ್ಜಿ’ ಅಂತ ಪುಸ್ತಕದ ಕನ್ನಡದಲ್ಲಿ ಕೇಳಿದರೆ ಸ್ವಂತ ಮೊಮ್ಮಗನಿಗೂ ‘ಎಲ್ಲಾ ಚೆನ್ನಾಗಿತ್ತಪ್ಪ’ ಅಂತಾಳೆ. ನನಗೆ ಹಾಗೇ ಆಯಿತು.

ಆ ಕಡತದಲ್ಲಿ ಇನ್ನೊಬ್ಬಳಿದ್ದಾಳೆ. ಸೇಂಟ್ ಲೂಯಿಸಿನಲ್ಲಿ ಮಾತಾಡಿಸಿದ 85 ವರ್ಷದ ಮೇರಿ ಬೆಲ್. ಯಾರು ಅಂತೀರಿ? ಆಸ್ಪತ್ರೆ ಹಾಸಿಗೆಯಿಂದ ಕಾಗದ ಬರೆದನಲ್ಲ ಸ್ಪಾಟ್ಸ್‌ವುಡ್ ರೈಸ್, ಅವನ ಮಗಳು. ಅದೇ ಮೇರಿ. ಕಾಗದ ಒಂದು ಕಟ್ಟಿನಲ್ಲಿ, ಮಗಳ ಮಾತು ಇನ್ನೊಂದು ಕಟ್ಟಿನಲ್ಲಿ. ಎಷ್ಟೋ ವರ್ಷ ಆದ ಮೇಲೆ ಹುಡುಕಿದವರು ಎರಡನ್ನೂ ಪಕ್ಕಪಕ್ಕ ಇಟ್ಟರು. ಅಪ್ಪ ಅವಳನ್ನು ಬಿಡಿಸಿಕೊಂಡಿದ್ದ. ಆಮೇಲೆ ಅವನು ಪಾದ್ರಿಯಾದ.

ಕೊನೆಗೆ ಒಂದು ಫೋಟೋ. ಇದನ್ನು ತೋರಿಸೋಕೇ ಬಂದದ್ದು ನಾನು. ವರ್ಜೀನಿಯಾದ ಕೋಲ್ಡ್ ಹಾರ್ಬರ್. 1864ರ ಜೂನಿನಲ್ಲಿ ಅಲ್ಲಿ ಸಾವಿರಾರು ಜನ ಬಿದ್ದರು. ಹೂಳುವವರಿಲ್ಲದೆ ಹತ್ತು ತಿಂಗಳು ಅಲ್ಲೇ ಕೊಳೆತರು. 1865ರ ಏಪ್ರಿಲಿನಲ್ಲಿ ಜಾನ್ ರೀಕಿ ಅನ್ನೋ ಫೋಟೋಗ್ರಾಫರ್ ಹೋದಾಗ ಮೂಳೆ ಆರಿಸುವ ಕೆಲಸ ನಡೀತಿತ್ತು. ಮಾಡ್ತಿದ್ದವರು ಕಪ್ಪು ಜನ. ಹಿಂದೆ ನಾಲ್ಕು ಜನ ಸಲಿಕೆ ಹಿಡಿದು ಅಗೀತಿದ್ದಾರೆ. ಮುಂದೆ ಒಬ್ಬ ಕೂತಿದ್ದಾನೆ, ಪಕ್ಕದಲ್ಲಿ ಚಟ್ಟದಂಥ ಸ್ಟ್ರೆಚರು. ಅದರ ಮೇಲೆ ತಲೆಬುರುಡೆಗಳು, ಒಂದು ಬೂಟು. ಅವನು ನೇರವಾಗಿ ನಮ್ಮ ಕಡೆ ನೋಡ್ತಿದ್ದಾನೆ. 1866ರಲ್ಲಿ ಗಾರ್ಡನರ್ ತಂದ ಫೋಟೋ ಪುಸ್ತಕದಲ್ಲಿ ಇದು ಅಚ್ಚಾಯಿತು. ಕೆಳಗೆ ಫೋಟೋ ತೆಗೆದವನ ಹೆಸರಿದೆ, ಪುಸ್ತಕ ತಂದವನ ಹೆಸರಿದೆ. ಈ ಐವರ ಹೆಸರಿಲ್ಲ.

ನಮ್ಮ ತಾತನದೂ ಒಂದೇ ಒಂದು ಫೋಟೋ ಇದೆ. ನಮ್ಮ ಮನೆಯಲ್ಲಿಲ್ಲ, ಊರಿನ ದೊಡ್ಡ ಮನೆಯೊಂದರ ಪಡಸಾಲೆಯಲ್ಲಿದೆ. ಮಾರಿಹಬ್ಬದ ಫೋಟೋ. ನಡುವೆ ಯಜಮಾನರು, ಪೇಟ, ಹಾರ. ಬಲಗಡೆ ತುದಿಯಲ್ಲಿ ತಮಟೆ ಹಿಡಿದ ಒಂದು ಕೈ, ಅರ್ಧ ಮುಖ. ಉಳಿದರ್ಧವನ್ನು ಚೌಕಟ್ಟಿನ ಮರ ತಿಂದಿದೆ. ಊರ ಸತ್ತ ದನ ಹೊತ್ತವನು, ಊರವರ ಗುಂಡಿ ತೋಡಿದವನು. ಆ ಫೋಟೋ ನೋಡೋಕೆ ಬಾಗಿಲಾಚೆಯಿಂದ ಕತ್ತು ಚಾಚಬೇಕು. ಹೋದ ವರ್ಷ ಮೊಬೈಲಿನಲ್ಲಿ ಒಂದು ಪ್ರತಿ ತಕ್ಕೊಳ್ತೀನಿ ಅಂದೆ. ಅದರಲ್ಲಿ ನಿಮ್ಮವರು ಯಾರಿದ್ದಾರೆ ಅಂತ ಕೇಳಿದರು. ಬೆರಳು ತೋರಿಸಿದೆ. ಚೌಕಟ್ಟು ಬಿಚ್ಚಿದರೆ ಉಳಿದರ್ಧ ಮುಖವೂ ಸಿಕ್ಕಬಹುದು. ಬಿಚ್ಚೋಕೆ ಇನ್ನೂ ಒಪ್ಪಿಲ್ಲ. ಮತ್ತೆ ಹೋಗ್ತೀನಿ.

ಇನ್ನು ಸಾಕು, ಮೆಸ್ಸಿನ ಗಂಟೆ ಹೊಡೀತು. ಊಟ ಆದ ಮೇಲೆ ಇದೇ ಹಾಲಿನಲ್ಲಿ ಮೊದಲನೇ ಕಂತು ಹಾಕ್ತೀವಿ, ಒಂದೂವರೆ ಗಂಟೆ ಚಿಲ್ಲರೆ. ಇಂಗ್ಲಿಷು ವೇಗವಾಗಿದೆ, ಅರ್ಥ ಆಗದಿದ್ದ ಕಡೆ ಕೈ ಎತ್ತಿ, ನಿಲ್ಲಿಸಿ ಕನ್ನಡದಲ್ಲಿ ಹೇಳ್ತೀನಿ. ಬಲೂ ಕಾಗದ ಬಂದಾಗ ಅಳೋರು ಅಳಬಹುದು. ಅದು ಮುಗಿದ ಮೇಲೆ ರೈಸ್ ಬರೆದ ಎರಡು ಕಾಗದ ಓದ್ತೀನಿ, ಕನ್ನಡಕ್ಕೆ ಮಾಡಿಕೊಂಡು ಬಂದಿದ್ದೀನಿ. ಯಾರಾದರೂ ಇಬ್ಬರು ಕಿಟಕಿಗೆ ಕಂಬಳಿ ಕಟ್ಟಿ, ಬೆಳಕು ಬರ್ತದೆ.